ಗಾಜಿನ ತಟ್ಟೆಯ ಸುಳ್ಳುಸಾಕ್ಷಿ

ನನ್ನ ಎಡಗೈ ಬೆರಳುಗಳ ಮೇಲೆ ಬೈಲಪ್ಪನ ಬೂಟು ನಿಂತಿತ್ತು.

ಬೂಟಿನೊಳಗೆ ಬೈಲಪ್ಪನೂ ಇದ್ದ. ತೂಕ ತೊಂಬತ್ತು ಕಿಲೋಗೆ ಕಡಿಮೆಯಿಲ್ಲ!

ನಾನು ಶಿವಾಜಿನಗರದ ಹಳೆಯ ಕಟ್ಟಡವೊಂದರ ಹಿಂಬದಿಯಲ್ಲಿ, ಕಬ್ಬಿಣದ ಮೆಟ್ಟಿಲಿನ ಅಂಚಿಗೆ ಜೋತುಬಿದ್ದಿದ್ದೆ. ಮೂರನೆಯ ಮಹಡಿ. ಕೆಳಗೆ ಸಿಮೆಂಟಿನ ಅಂಗಳ. ಅಲ್ಲೊಂದು ಮೇಕೆ ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು. ಬೆಳಗಿನ ಹತ್ತೂವರೆ ಗಂಟೆ. ಸಭ್ಯ ಜನರೆಲ್ಲ ಕಚೇರಿ ತಲುಪಿ ಕುರ್ಚಿಯಲ್ಲಿ ಕುಳಿತಿರುವ ಹೊತ್ತು...

"ಯಾರ್ ಕಳ್ಸಿದ್ದು ಹೇಳ್ಬಿಡು ಗುರು," ಬೈಲಪ್ಪ ಬಹಳ ಸೌಜನ್ಯದಿಂದ ಕೇಳಿದ. "ಹೇಳಿದ್ರೆ ಕಾಲ್ ತೆಗೀತೀನಿ."

"ಕಾಲ್ ತೆಗುದ್ರೆ ನಾನ್ ಬಿದ್ದೋಗ್ತೀನಿ. ಸದ್ಯಕ್ಕೆ ನನ್ನ ಹಿಡ್ಕೊಂಡಿರೋದೇ ನಿನ್ ಬೂಟು!"

ಬೈಲಪ್ಪ ಯೋಚಿಸಿದ. ಕೊಲೆ ಅವನ ಕಸುಬಲ್ಲ. ಯೋಚನೆಯೂ ಅಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಹೊರಟದ್ದೇ ಅವನ ತಪ್ಪು. ನಾನು ಬಲಗೈಯಿಂದ ಅವನ ಇನ್ನೊಂದು ಕಾಲಿನ ಹಿಮ್ಮಡಿ ಹಿಡಿದು ಎಳೆದೆ. ತೊಂಬತ್ತು ಕಿಲೋ ಮೆಟ್ಟಿಲಿನ ಮೇಲೆ ಕುಂಡಿಯೂರಿತು. ಕಟ್ಟಡ ನಡುಗಿತು. ಮೇಕೆ ಓಡಿಹೋಯಿತು.

ನಾನು ಮೇಲೆ ಹತ್ತಿ ಬರುವಷ್ಟರಲ್ಲಿ ಬೈಲಪ್ಪ ಒಂದು ಗೋಣಿಚೀಲ ಹೆಗಲಿಗೇರಿಸಿ ಕೆಳಕ್ಕೆ ದೌಡಾಯಿಸುತ್ತಿದ್ದ.

ಇಷ್ಟೆಲ್ಲ ಯಾಕೆಂದು ಕೇಳುತ್ತೀರಾ? ಒಬ್ಬ ಹುಡುಗಿಯ ಬಲಗಾಲಿಗಾಗಿ. ಆ ಕಾಲಿಗೆ ಇನ್ನು ಉಳಿದಿದ್ದದ್ದು ಐದೂವರೆ ಗಂಟೆ!

ನನ್ನ ಹೆಸರು ಮುನಿಆಂಜನಪ್ಪ. ಹಲಸೂರಿನವನು. ಹದಿನಾಲ್ಕು ವರ್ಷ ಸರ್ಕಾರದ ಡ್ರಗ್ಸ್ ಇನ್ಸ್‌ಪೆಕ್ಟರ್ ಆಗಿದ್ದೆ. ದೊಡ್ಡ ಮನುಷ್ಯರೊಬ್ಬರ ಗೋದಾಮಿಗೆ ಬೀಗ ಹಾಕಿದೆ. ಮರುವಾರವೇ ನನ್ನ ಕೋಣೆಗೆ ಬೀಗ ಬಿತ್ತು. ಅಂದಿನಿಂದ ನಕಲಿ ಔಷಧ ಪತ್ತೆ ಮಾಡಿಕೊಡುವುದು ನನ್ನ ಸ್ವಂತ ಉದ್ಯೋಗ. ಈ ಊರಿನಲ್ಲಿ ಆ ಉದ್ಯೋಗಕ್ಕೆ ಬರಗಾಲವಿಲ್ಲ.

ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಬೈಲಪ್ಪನ ಬೂಟಿನ ಹಿಂದಿನ ದಿನ ಬೆಳಿಗ್ಗೆ ಜಟ್ಟೆಮ್ಮ ನನ್ನ ಬಾಗಿಲಲ್ಲಿ ನಿಂತಿದ್ದಳು. ಸಿಂಧನೂರಿನ ಕಡೆಯ ಹೆಂಗಸು. ಬೈಯಪ್ಪನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ. ತಾಯಿ, ಮಗಳು ಇಬ್ಬರಿಗೂ ಗಾರೆ ಕೆಲಸ. ಮಗಳು ಸೌಂದರ್ಯಾಳಿಗೆ ಹತ್ತೊಂಬತ್ತು ವರ್ಷ. ಎರಡು ವಾರದ ಹಿಂದೆ ಕಟ್ಟಡದ ಕಂಬಿಯೊಂದು ಅವಳ ಮೊಣಕಾಲಿನ ಕೆಳಗೆ ಹೊಕ್ಕಿತ್ತು. ಪೊಲೀಸರ ಕಿವಿಗೆ ಬೀಳಬಾರದೆಂದು ಗುತ್ತಿಗೆದಾರ ಅವಳನ್ನು ಇಂದಿರಾನಗರದ ಖಾಸಗಿ ಆಸ್ಪತ್ರೆಗೆ ಸೇರಿಸಿ ಕೈತೊಳೆದುಕೊಂಡಿದ್ದ. ಗಾಯ ಕೀವಾಯಿತು.

"ಸಾಹೇಬ್ರ, ನಾಳಿ ನಾಕ್ ಗಂಟೇಕ ನನ್ ಮಗಳ ಕಾಲ್ ತಗೀತಾರಂತ್ರಿ."

"ಯಾಕಮ್ಮ?"

"ಇಂಜಕ್ಷನ್ ಡುಬ್ಲಿಕೇಟ್ ಅದಾವಂತ. ಸಿವಾಜಿನಗರದಾಗ ತಾಹೇರಾ ಬಾಯಿ ಅಂಗಡ್ಯಾಗ ನಾನ ತಂದೀನ್ರಿ ಅವನ್ನ." ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ನನ್ ಕೈಯಾರ ತಂದು ನನ್ ಮಗಳಿಗೆ ಇಸಾ ಹಾಕಿಸಿದ್ನೇನ್ರಿ?"

"ನನ್ನ ವಿಳಾಸ ಯಾರು ಕೊಟ್ಟರು?"

"ತಾಹೇರಾ ಬಾಯೀನ ಕೊಟ್ಟಳ್ರಿ. ಆ ಸಾಹೇಬಗ ಕೊಟ್ಟು ತಪಾಸ ಮಾಡಸು ಅಂದಳು."

ಕಳ್ಳಮಾಲು ಮಾರಿದವಳು ಪತ್ತೇದಾರನ ವಿಳಾಸ ಕೊಡುತ್ತಾಳೆಯೇ? ಅದೇ ನನಗೆ ಮೊದಲು ಚುಚ್ಚಿದ ಮುಳ್ಳು.

ನೇರ ಆಸ್ಪತ್ರೆಗೆ ಹೋದೆ. ಶಸ್ತ್ರವೈದ್ಯ ಡಾಕ್ಟರ್ ಮುತ್ತುರಾಜ್ ನನ್ನನ್ನು ನಿಲ್ಲಿಸಿಕೊಂಡೇ ಮಾತನಾಡಿದರು.

"ನೋಡ್ರೀ, ನಾನ್ ಕೊಟ್ಟಿರೋದು ಇಮಿಪೆನೆಮ್. ಕಾರ್ಬಾಪೆನೆಮ್ ಗ್ರೂಪು. ಬ್ರಹ್ಮಾಸ್ತ್ರ! ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್, ಎಲ್ಲಾ ಬ್ಯಾಕ್ಟೀರಿಯಾನೂ ಕ್ಲೀನ್. ಲ್ಯಾಬ್ ರಿಪೋರ್ಟ್‌ನಲ್ಲೂ ಸೆನ್ಸಿಟಿವ್ ಅಂತ ಬಂದಿದೆ. ಆದ್ರೂ ಐದ್ ದಿನದಿಂದ ಜ್ವರ ನೂರ ಮೂರು. ಏನರ್ಥ?"

"ನೀವೇ ಹೇಳಿ ಡಾಕ್ಟ್ರೇ."

"ಬಾಟ್ಲಿ ಒಳಗಿರೋದು ಸುಣ್ಣದ ಪುಡಿ! ಡ್ರಗ್ ಕಂಟ್ರೋಲ್‌ಗೆ ಕಂಪ್ಲೇಂಟ್ ಕಳ್ಸಾಯ್ತು."

"ನಿಮ್ಮ ಫಾರ್ಮಸಿಯ ಔಷಧ ಹಾಕಿ ನೋಡಬಹುದಲ್ಲ?"

"ನಿನ್ನೆಯಿಂದ ಅದನ್ನೇ ಹಾಕ್ತಿದೀವಿ. ಟೂ ಲೇಟ್. ಕೀವು ಮೇಲಕ್ಕೆ ಹತ್ತಿದೆ. ನಾಳೆ ನಾಲ್ಕರೊಳಗೆ ಜ್ವರ ಇಳೀಲಿಲ್ವೋ... ಕಾಲು, ಇಲ್ಲಾ ಜೀವ. ಆ ಹುಡುಗಿ ಒಂದನ್ನ ಇಟ್ಕೋಬೋದು."

ಅಷ್ಟು ಹೇಳಿ ಅವರು ಊಟಕ್ಕೆ ಹೋದರು.

ಅಂದು ಮಧ್ಯಾಹ್ನ ತಾಹೇರಾಳ ಔಷಧದಂಗಡಿಗೆ ಹೋದೆ. ಆಕೆ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಗುಡುಗಿದಳು.

"ಅರೆ ಸಾಬ್, ಇಪ್ಪತ್ತೆರಡು ವರ್ಷದ ಅಂಗ್ಡಿ! ನಮ್ ಅಬ್ಬಾ ಕಾಲದಿಂದ ಒಂದ್ ಮಾತ್ರೆ ಹೆಚ್ಚುಕಮ್ಮಿ ಇಲ್ಲ. ಅದೇ ಬ್ಯಾಚು, ಸೀಲ್ ಒಡೀದ ಬಾಟ್ಲಿ... ತಗೊಂಡ್ ಹೋಗಿ. ಸುಣ್ಣ ಇದ್ರೆ ವೀಳ್ಯದೆಲೆ ನಾನೇ ಕೊಡ್ತೀನಿ. ನಿಮ್ ಮುಂದೇನೇ ಹಾಕ್ಕೊಂಡ್ ತಿಂತೀನಿ!"

ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಸೌಂದರ್ಯಾ ಅಜ್ಜಿಯಾಗಿರುತ್ತಿದ್ದಳು. ಆದ್ದರಿಂದ ಬಾಟಲಿಯನ್ನು ಹಲಸೂರಿನ ಒಂದು ಸಣ್ಣ ಲ್ಯಾಬಿಗೆ ಒಯ್ದೆ. ಅಲ್ಲಿಯ ಟೆಕ್ನಿಷಿಯನ್ ಯಮುನಾ. ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಬರೆಯುವ ಹೆಂಗಸು. ಆ ಆಸ್ಪತ್ರೆಯ ಕೀವಿನ ಪರೀಕ್ಷೆಗಳೆಲ್ಲ ಇವಳ ಕೈಯಲ್ಲೇ ನಡೆಯುತ್ತಿದ್ದವು. ಅವಳ ವಿಧಾನ ಸರಳ. ಗಾಜಿನ ತಟ್ಟೆಯಲ್ಲಿ ಗಿಣ್ಣಿನಂತೆ ಹೆಪ್ಪುಗಟ್ಟಿದ ಆಹಾರ. ಅದರ ಮೇಲೆ ಮದ್ದಿಗೆ ಬಗ್ಗುವ ಪಳಗಿದ ಬ್ಯಾಕ್ಟೀರಿಯಾ. ನಡುವೆ ಔಷಧದ ಒಂದು ಹನಿ. ಔಷಧ ಅಸಲಿಯಾದರೆ ಹನಿಯ ಸುತ್ತ ಏನೂ ಬೆಳೆಯುವುದಿಲ್ಲ. ಖಾಲಿ ವೃತ್ತವೊಂದು ಉಳಿಯುತ್ತದೆ.

"ನಾಳೆ ಮಧ್ಯಾಹ್ನ ಬನ್ನಿ ಸಾರ್," ಎಂದಿದ್ದಳು.

ಆ ನಡುವೆ ಆಸ್ಪತ್ರೆಯ ಆಯಾ ಒಂದು ಸುಳಿವು ಕೊಟ್ಟಳು. ಇಮಿಪೆನೆಮ್ ಖಾಲಿ ಬಾಟಲಿಗಳನ್ನು ವಾರಕ್ಕೊಮ್ಮೆ ಬೈಲಪ್ಪ ಎಂಬ ಗುಜರಿಯವನು ಒಯ್ಯುತ್ತಾನಂತೆ! ನನ್ನ ಕಸುಬಿನಲ್ಲಿ ಖಾಲಿ ಬಾಟಲಿ ಎಂದರೆ ಅರ್ಧ ಅಪರಾಧ. ಉಳಿದರ್ಧ ಬಿಳಿ ಪುಡಿ. ಬೆಳಿಗ್ಗೆ ಅವನ ಕೋಣೆಗೆ ನುಗ್ಗಿದೆ. ಚಾಪೆಯ ಮೇಲೆ ತೊಳೆದ ನಾನೂರು ಬಾಟಲಿಗಳು ಒಣಗುತ್ತಿದ್ದವು. ಅವನು ತಳ್ಳಿದ. ನಾನು ಜೋತುಬಿದ್ದೆ. ಅಲ್ಲಿಂದ ಮುಂದಿನದು ನಿಮಗೆ ಗೊತ್ತು.

ಈಗ ಓಟ!

ಬೈಲಪ್ಪ ಮೀನಿನ ಬುಟ್ಟಿಗಳನ್ನು ಹಾರಿದ. ನಾನು ಹಾರಲಿಲ್ಲ, ತುಳಿದೆ. ಹೂವಿನವರ ಸಾಲಿನಲ್ಲಿ ಸೇವಂತಿಗೆಯ ರಾಶಿಯೊಂದು ಚೆಲ್ಲಾಪಿಲ್ಲಿಯಾಯಿತು. "ಡೇಯ್, ಕಣ್ಣು ತೆರಿಯಲಯಾ?" ಒಬ್ಬಳು ತಮಿಳಿನಲ್ಲಿ ಬೈದಳು. ಇನ್ನೊಬ್ಬ ಉರ್ದುವಿನಲ್ಲಿ. ಮೂರನೆಯವನು ಇಂಗ್ಲಿಷಿನಲ್ಲಿ. ದಂಡು ಪ್ರದೇಶದಲ್ಲಿ ಬೈಗುಳಕ್ಕೂ ಭಾಷೆಗಳ ಸಮಾನತೆಯಿದೆ. ಬೆಸಿಲಿಕಾ ಚರ್ಚಿನ ಮುಂದೆ ಅವನ ಚೀಲದ ಬಾಯಿ ನನ್ನ ಕೈಗೆ ಸಿಕ್ಕಿತು. ಎಳೆದೆ. ಚೀಲ ಹರಿಯಿತು. ಬಾಟಲಿಗಳು ಸುರಿದವು. ಒಡೆದವು...

ಮಲ್ಲಿಗೆಯ ಘಮ. ಲಾವಂಚದ ಘಮ. ಇಡೀ ಬೀದಿ ಮೂಗರಳಿಸಿ ನಿಂತಿತು!

"ಏನಿದು?"

"ಅತ್ತರು ಸಾರ್!" ಬೈಲಪ್ಪ ರಸ್ತೆಯಲ್ಲೇ ಕುಕ್ಕರಿಸಿ ಅಳತೊಡಗಿದ. "ಸಣ್ಣ ಬಾಟ್ಲಿ, ರಬ್ಬರ್ ಬಿರಡೆ, ಒಂದ್ ತೊಟ್ಟೂ ಲೀಕ್ ಆಗಲ್ಲ. ಎಲ್ಲಾ ಹೋಯ್ತಲ್ಲ ಸಾರ್!"

"ಮತ್ತೆ ನನ್ನನ್ಯಾಕೆ ಮೂರನೇ ಮಹಡಿಯಿಂದ ತಳ್ಳಿದೆ?"

"ಪಲ್ಯೂಷನ್ ಬೋರ್ಡ್‌ನೋರು ಅನ್ಕೊಂಡೆ!"

ಆಸ್ಪತ್ರೆಯ ಕಸವನ್ನು ಅತ್ತರಿನ ಸೀಸೆ ಮಾಡಿ ಊರಿನ ಮದುವೆಮನೆಗಳಿಗೆಲ್ಲ ಸಿಂಪಡಿಸಿದ ಮಹಾನುಭಾವ. ಅವನ ಕಪಾಳಕ್ಕೆ ಒಂದು ಬಿಡುವ ಮನಸ್ಸಾಯಿತು. ನಾನು ಎಡಚ; ಎಡಗೈ ಮೇಲೇಳಲಿಲ್ಲ.

ಗಂಟೆ ಹನ್ನೊಂದೂವರೆ. ಕಳ್ಳ ಸಿಕ್ಕಿದ್ದ. ಕಳವು ಸಿಕ್ಕಿರಲಿಲ್ಲ. ದಾರಿಯಲ್ಲಿ ಒಬ್ಬ ವೈದ್ಯರ ಬಳಿ ಬೆರಳುಗಳಿಗೆ ಪಟ್ಟಿ ಕಟ್ಟಿಸಿಕೊಂಡು, ಸರತಿಯಲ್ಲಿ ಕುಳಿತು ಸಮಯ ಹಾಳುಮಾಡಿ, ಹಲಸೂರು ತಲುಪಿದಾಗ ಮೂರಾಗಿತ್ತು.

ಯಮುನಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ನಿರ್ಮಲವಾದ ಖಾಲಿ ವೃತ್ತ.

"ಮದ್ದು ಅಸಲಿ ಸಾರ್. ನೂರಕ್ಕೆ ನೂರು."

ತಾಹೇರಾ ನಿರಪರಾಧಿ. ಬೈಲಪ್ಪ ಬರೀ ಅತ್ತರಿನ ಅಪರಾಧಿ. ಔಷಧ ಸತ್ಯವಂತ. ಹಾಗಾದರೆ ಹುಡುಗಿಯ ಮೈ ಸುಡುತ್ತಿರುವುದೇಕೆ?

"ಸೌಂದರ್ಯಾಳ ಕೀವಿನ ತಟ್ಟೆ ಇದೆಯಾ?"

"ಫ್ರಿಜ್‌ನಲ್ಲಿದೆ. ಶನಿವಾರ ಸುಡೋದು."

ತಂದಳು. ತಟ್ಟೆಯ ಮೇಲೆ ಔಷಧ ಹೀರಿದ ಕಾಗದದ ಪುಟ್ಟ ಬಿಲ್ಲೆಗಳು. ಒಂದೊಂದು ಬಿಲ್ಲೆಗೆ ಒಂದೊಂದು ಔಷಧ. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗಿದರೆ ಸೆನ್ಸಿಟಿವ್, ಬಗ್ಗದಿದ್ದರೆ ರೆಸಿಸ್ಟೆಂಟ್.

"ಯಾವ ಬ್ಯಾಕ್ಟೀರಿಯಾ ಇದು?"

"ಸ್ಟಾಫಿಲೊಕಾಕಸ್ ಆರಿಯಸ್. ಗ್ರಾಂ ಪಾಸಿಟಿವ್. ಮೈಕ್ರೋಸ್ಕೋಪ್‌ನಲ್ಲಿ ನೇರಳೆ ದ್ರಾಕ್ಷಿ ಗೊಂಚಲು ಥರ ಕಾಣುತ್ತೆ."

"ಪೆನಿಸಿಲಿನ್?"

"ರೆಸಿಸ್ಟೆಂಟ್."

"ಆಕ್ಸಾಸಿಲಿನ್?"

"ರೆಸಿಸ್ಟೆಂಟ್."

"ಇಮಿಪೆನೆಮ್?"

"ಸೆನ್ಸಿಟಿವ್. ಸ್ಕೇಲ್ ಇಟ್ಟು ಅಳೆದಿದ್ದೀನಿ. ಇಪ್ಪತ್ನಾಲ್ಕು ಮಿಲಿಮೀಟರ್." ಅವಳ ಧ್ವನಿ ಬಿಗಿಯಾಯಿತು. "ಸಾರ್, ನಾನು ಕಂಡಿದ್ದನ್ನ ಕಂಡ ಹಾಗೇ ಬರಿಯೋಳು!"

"ಎಷ್ಟಿದ್ದರೆ ಸೆನ್ಸಿಟಿವ್ ಅಂತ ಎಲ್ಲಿದೆ?"

"ಅಲ್ನೋಡಿ, ಚಾರ್ಟು."

ಗೋಡೆಯ ಮೇಲೆ ಒಂದು ಇಂಗ್ಲಿಷ್ ಪಟ್ಟಿ. ಅದರ ಕೆಳಗಿನರ್ಧವನ್ನು ಲಕ್ಷ್ಮಿಯ ಚಿತ್ರವಿದ್ದ ಕ್ಯಾಲೆಂಡರ್ ಮುಚ್ಚಿತ್ತು. ಯಾವುದೋ ಔಷಧ ಕಂಪನಿ ಹೊಸ ವರ್ಷಕ್ಕೆ ಕೊಟ್ಟದ್ದು. ಲಕ್ಷ್ಮಿಯನ್ನು ಮೆಲ್ಲನೆ ಎತ್ತಿದೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಓದಿದೆ. ಇನ್ನೊಮ್ಮೆ ಓದಿದೆ.

ಆಕ್ಸಾಸಿಲಿನ್‌ಗೆ ಬಗ್ಗದ ಸ್ಟಾಫಿಲೊಕಾಕಸ್ ಆಗಿದ್ದಲ್ಲಿ, ತಟ್ಟೆಯಲ್ಲಿ ಏನೇ ಕಾಣಿಸಲಿ, ಕಾರ್ಬಾಪೆನೆಮ್‌ಗಳೂ ಸೇರಿ ಪೆನಿಸಿಲಿನ್ನಿನ ಇಡೀ ಕುಲದ ಔಷಧಗಳನ್ನು ರೆಸಿಸ್ಟೆಂಟ್ ಎಂದೇ ಬರೆಯತಕ್ಕದ್ದು!

ಯಮುನಾಳಿಗೆ ತೋರಿಸಿದೆ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು.

"ಅಂದ್ರೆ... ಈ ವೃತ್ತ ಸುಳ್ಳಾ?"

ಸುಳ್ಳೇ. ತಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ವಿಧೇಯ ವಿದ್ಯಾರ್ಥಿಯಂತೆ ನಟಿಸುತ್ತದೆ. ಮೈಯೊಳಗೆ ಹೊಕ್ಕಾಗ ನಿಜರೂಪ ತೋರಿಸುತ್ತದೆ. ಕಂಡದ್ದನ್ನೇ ಬರೆಯಬೇಕೆಂದು ನಮಗೆಲ್ಲ ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರು. ಇಲ್ಲಿ ಕಂಡದ್ದನ್ನು ಬರೆದದ್ದೇ ಪ್ರಮಾದವಾಗಿತ್ತು!

"ಇದಕ್ಕೆ ಬಗ್ಗುವ ಮದ್ದು?"

"ವ್ಯಾಂಕೋಮೈಸಿನ್. ಅದೂ ರಿಪೋರ್ಟ್‌ನಲ್ಲಿ ಬರ್ದಿದ್ದೆ ಸಾರ್. ಮಧ್ಯದ ಸಾಲು." ಅವಳು ಆಗಲೇ ಪೆನ್ನು ತೆಗೆದಿದ್ದಳು. "ತಿದ್ದಿ ಕೊಡ್ತೀನಿ."

ಬಾಗಿಲಲ್ಲಿ ಲ್ಯಾಬಿನ ಮಾಲೀಕ ನಿಂತಿದ್ದ. ಎಷ್ಟು ಹೊತ್ತಿನಿಂದಲೋ!

"ಒಂದೇ ಸ್ಯಾಂಪಲ್‌ಗೆ ಎರಡು ರಿಪೋರ್ಟಾ? ನನ್ ಲ್ಯಾಬ್ ಮುಚ್ಚಿಸ್ತೀಯಾ?" ಅವನು ಲೆಟರ್‌ಹೆಡ್ ಇದ್ದ ಬೀರುವಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಈ ಬಾಗ್ಲು ದಾಟಿದ್ರೆ ನಾಳೆಯಿಂದ ಬರ್ಬೇಡ."

ಯಮುನಾ ತನ್ನ ದಿನಚರಿ ಪುಸ್ತಕದ ಹಾಳೆಯೊಂದನ್ನು ಹರಿದಳು. ನಿಂತೇ ಬರೆದಳು. ಸಹಿ ಮಾಡಿದಳು. ಕೆಳಗೆ ದಿನಾಂಕ, ವೇಳೆ.

"ಸರೀರಿ, ಬರಲ್ಲ," ಎಂದು ಬಾಗಿಲು ದಾಟಿದಳು.

ಮುತ್ತುರಾಜರ ಫೋನು ಬಂದ್ ಆಗಿತ್ತು. ಆಸ್ಪತ್ರೆಯ ಫೋನು ಎತ್ತಿದ ಹುಡುಗಿ, "ಹೋಲ್ಡ್ ಮಾಡಿ," ಎಂದು ಸಂಗೀತ ಹಾಕಿದಳು. ನನ್ನ ಯೆಜ್ಡಿ ಬೈಕನ್ನು ಒದ್ದೆ. ಹತ್ತು ಸಲ ಒದ್ದಮೇಲೆ ಕೆಮ್ಮಿತು. ಯಮುನಾ ಹಿಂದೆ ಕುಳಿತಳು. ನಮ್ಮ ಬೆನ್ನಿಗೇ ಮಾಲೀಕನ ಬಿಳಿ ಮಾರುತಿ! ಹಾರ್ನ್ ಮೇಲೆ ಹಾರ್ನ್.

"ಆ ಹಾಳೆ ಕೊಡ್ರೀ! ಅದು ನನ್ ಲ್ಯಾಬ್ ಪ್ರಾಪರ್ಟಿ!"

ಹಲಸೂರಿನ ಬಜಾರಿನಲ್ಲಿ ಎಮ್ಮೆಯೊಂದು ರಸ್ತೆಯ ನಡುವೆ ಮಲಗಿತ್ತು. ನಾನು ಎಡಕ್ಕೆ ನುಸುಳಿದೆ. ಮಾರುತಿಗೆ ನುಸುಳಲು ಜಾಗವಿರಲಿಲ್ಲ. ಎಮ್ಮೆಗೆ ಏಳಲು ಕಾರಣವಿರಲಿಲ್ಲ. ತಾಹೇರಾಳಿಗೆ ಸಿಗ್ನಲ್ ಬಳಿ ನಿಂತು ಫೋನು ಮಾಡಿದೆ. ಎರಡೇ ಮಾತು. "ವ್ಯಾಂಕೋಮೈಸಿನ್. ತಕ್ಷಣ!"

ಆಸ್ಪತ್ರೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷವಿತ್ತು.

ಸ್ಟ್ರೆಚರ್ ಆಪರೇಷನ್ ಕೋಣೆಯ ಬಾಗಿಲಲ್ಲಿತ್ತು. ಅದರ ಮೇಲೆ ಹಸಿರು ಬಟ್ಟೆಯಲ್ಲಿ ಸೌಂದರ್ಯಾ. ಜ್ವರದಿಂದ ತುಟಿ ಬಿರಿದಿತ್ತು.

"ಯವ್ವಾ, ಆ ಕಾಲ್ ಚೈನು ಬಿಚ್ಚಿಟ್ಕೋ," ಎನ್ನುತ್ತಿದ್ದಳು. "ಅವರು ಕಾಲಿನ ಕೂಡ ಒಗದು ಬಿಡ್ತಾರ."

ನಾನು ಸ್ಟ್ರೆಚರಿನ ಚಕ್ರಕ್ಕೆ ನನ್ನ ಪಾದ ಕೊಟ್ಟೆ. ಬೆರಳುಗಳ ಸರದಿ ಮುಗಿದಿತ್ತಲ್ಲ!

"ಡಾಕ್ಟ್ರೇ, ಔಷಧ ಅಸಲಿ. ಅಸ್ತ್ರ ತಪ್ಪು. ಇದಕ್ಕೆ ಕಾರ್ಬಾಪೆನೆಮ್ ತಾಗುವುದೇ ಇಲ್ಲ."

ಮುತ್ತುರಾಜ್ ಯಮುನಾಳ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದರು. "ವಾಟ್ ಈಸ್ ದಿಸ್? ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ. ಮೊದ್ಲು ಸೆನ್ಸಿಟಿವ್ ಅಂದೋಳೂ ಇವಳೇ!"

"ಹೌದು ಸಾರ್, ನಾನೇ," ಯಮುನಾ ಅಂದಳು. "ತಪ್ಪು ನಂದೇ. ಆದ್ರೆ ಅದೇ ಹಾಳೇಲಿ ಆಕ್ಸಾಸಿಲಿನ್ ರೆಸಿಸ್ಟೆಂಟ್ ಅಂತಾನೂ ಇತ್ತು. ಓದಿದ್ರಾ?"

ವೈದ್ಯರು ಓದಿರಲಿಲ್ಲ. ಎಲ್ಲಕ್ಕಿಂತ ದುಬಾರಿ ಔಷಧದ ಹೆಸರು ಕೊನೆಯ ಸಾಲಿನಲ್ಲಿತ್ತು. ಅವರು ಕೊನೆಯಿಂದ ಓದಿ ಅಲ್ಲಿಗೇ ನಿಲ್ಲಿಸಿದ್ದರು. ಎಂತಹ ವಿದ್ಯೆ! ಎಂತಹ ವಿನಯ!

"ಸೆಕ್ಯೂರಿಟಿ!"

ಇಬ್ಬರು ನನ್ನ ತೋಳು ಹಿಡಿದರು. ಆಗ ಜಟ್ಟೆಮ್ಮ ನನ್ನ ಅಂಗಿಯ ಚುಂಗು ಎಳೆದಳು.

"ಸಾಹೇಬ್ರ, ಏನಂತ ನನಗೂ ತಿಳಿಯಂಗ ಹೇಳ್ರಿ."

ತೋಳುಗಳು ಪರಾಧೀನ. ನಾಲಗೆ ಸ್ವತಂತ್ರ. ಹೇಳಿದೆ.

"ಈ ಹುಳು ಮನೆ ಕಟ್ಟಿಕೊಂಡು ಬದುಕುತ್ತಮ್ಮ. ಗೋಡೆ ಕಟ್ಟೋಕೆ ಒಳಗೊಬ್ಬ ಮೇಸ್ತ್ರಿ. ಈ ಔಷಧ ಮೇಸ್ತ್ರಿ ಕೈ ಹಿಡಿದು ಕೆಲಸ ನಿಲ್ಲಿಸುತ್ತೆ. ಗೋಡೆ ಬೀಳುತ್ತೆ, ಹುಳು ಸಾಯುತ್ತೆ. ಆದರೆ ನಿನ್ನ ಮಗಳ ಕಾಲಲ್ಲಿರೋ ಹುಳು ಇನ್ನೊಬ್ಬ ಮೇಸ್ತ್ರೀನ ಇಟ್ಕೊಂಡಿದೆ. ಅವನ ಕೈ ಈ ಔಷಧಕ್ಕೆ ಸಿಗಲ್ಲ."

"ಅಂದ್ರ," ಜಟ್ಟೆಮ್ಮ ಹುಬ್ಬುಗಂಟಿಕ್ಕಿದಳು, "ಎರಡ್ನೇ ಮೇಸ್ತ್ರಿ ಒಳಗ ಗ್ವಾಡಿ ಕಟ್ಟಾಕತ್ಯಾನ. ಇವರು ಮೊದಲ್ನೇ ಮೇಸ್ತ್ರಿ ಕೈ ಹಿಡಕೊಂಡು ಕುಂತಾರ!"

"ಅಷ್ಟೇ."

"ಮತ್ತ ಆ ಬ್ಯಾರೆ ಔಷಧ?"

"ಅದು ಮೇಸ್ತ್ರಿಗಳ ತಂಟೆಗೇ ಹೋಗಲ್ಲ. ಇಟ್ಟಿಗೇನೇ ಹಿಡ್ಕೊಂಡ್ಬಿಡುತ್ತೆ. ಇಟ್ಟಿಗೆ ಇಲ್ಲದೆ ಎಷ್ಟು ಜನ ಮೇಸ್ತ್ರಿ ಇದ್ದರೇನು?"

ಅವಳು ವೈದ್ಯರ ಕಡೆ ತಿರುಗಿದಳು.

"ಡಾಕ್ಟರ್ ಸಾಹೇಬ್ರ, ಗಾರೀ ಹೊರಾಕಿಗೆ ತಿಳೀತ್ರಿ. ನಿಮಗ ತಿಳೀಲಿಲ್ಲೇನ್ರಿ?"

ನರ್ಸೊಬ್ಬಳು ಕೆಮ್ಮಿ ನಗು ನುಂಗಿದಳು. ಮುತ್ತುರಾಜರ ಕಿವಿ ಕೆಂಪಾಯಿತು.

"ನೋಡಮ್ಮ, ಆಪರೇಷನ್‌ಗೆ ನೀನೇ ಒಪ್ಪಿಗೆ ಕೊಟ್ಟಿದೀಯ. ಹೆಬ್ಬೆಟ್ಟು ಒತ್ತಿದೀಯ!"

"ಎಲ್ಲೈತಿ ತೋರಸ್ರಿ."

ನರ್ಸು ಫೈಲು ತೆರೆದು ಒಪ್ಪಿಗೆ ಪತ್ರ ತೋರಿಸಿದಳು. ಜಟ್ಟೆಮ್ಮ ಅದನ್ನು ಶಾಂತವಾಗಿ ತೆಗೆದುಕೊಂಡಳು. ನಾಲ್ಕು ಚೂರು ಮಾಡಿದಳು. ತನ್ನ ಹೆಬ್ಬೆಟ್ಟಿದ್ದ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಈಗ ಕೊಯ್ರಿ ನೋಡೂಣು!"

ಹತ್ತು ಜನರ ಸಮಕ್ಷಮ ಒಪ್ಪಿಗೆಯಿಲ್ಲದೆ ಕತ್ತಿ ಹಿಡಿಯುವ ಧೈರ್ಯ ಯಾವ ವೈದ್ಯರಿಗಿದೆ? ಮುತ್ತುರಾಜ್ ಗಡಿಯಾರ ನೋಡಿದರು. ನೆಲ ನೋಡಿದರು.

"ಕೀವು ತೆಗೆದು ಕ್ಲೀನ್ ಮಾಡ್ತೀನಿ, ಅಷ್ಟೇ. ಆಮೇಲೆ ನಲವತ್ತೆಂಟು ಗಂಟೆ. ಹುಡುಗಿಗೆ ಏನಾದ್ರೂ ಆದ್ರೆ ಯಾರ್ ಜವಾಬ್ದಾರಿ?"

"ತಾಯಿ ನಾನು. ಮತ್ಯಾರ್ ಇರ್ತಾರ್ರಿ?"

ಆಸ್ಪತ್ರೆಯ ಫಾರ್ಮಸಿಯಲ್ಲಿ ವ್ಯಾಂಕೋಮೈಸಿನ್ ಇರಲಿಲ್ಲ. ಐದು ಗಂಟೆಗೆ ಒಂದು ಆಟೋ ಬಂದು ನಿಂತಿತು. ತಾಹೇರಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಮುತ್ತುರಾಜರ ಎದುರೇ ಅದನ್ನು ಮೇಜಿನ ಮೇಲಿಟ್ಟಳು.

"ಬಿಚ್ಚಿ ನೋಡ್ಕೊಳ್ಳಿ ಡಾಕ್ಟರ್ ಸಾಬ್. ಈ ಸಲ ರಂಗೋಲಿ ಪುಡಿ ಇರ್ಬೋದು!"

ಮರುದಿನ ಜ್ವರ ನೂರ ಎರಡು. ಅದರ ಮರುದಿನ ನೂರು. ಮೂರನೆಯ ದಿನ ಸೌಂದರ್ಯಾ ಎದ್ದು ಕುಳಿತು ರೊಟ್ಟಿ ಕೇಳಿದಳು. ಅನ್ನ ಕೊಟ್ಟರು. ಬೈದಳು. ಕಾಲು ಉಳಿಯಿತು! ಇಂದಿಗೂ ಆ ಕಾಲಿನ ಮೇಲೆ ನಿಂತೇ ಟಿನ್ ಫ್ಯಾಕ್ಟರಿಯ ಬಳಿ ಇಡ್ಲಿ ಗಾಡಿ ನಡೆಸುತ್ತಾಳೆ.

ಮತ್ತೆ ನ್ಯಾಯ? ಕೇಳಿ.

ಡಾಕ್ಟರ್ ಮುತ್ತುರಾಜ್ ಈ ಪ್ರಕರಣವನ್ನು ಒಂದು ಸಮ್ಮೇಳನದಲ್ಲಿ ತಮ್ಮ ಚಾಣಾಕ್ಷತನದ ಉದಾಹರಣೆಯಾಗಿ ಮಂಡಿಸಿದರು. ಶಾಲು ಹೊದಿಸಿದರಂತೆ. ಅವರು ಮೊದಲೇ ಕಳಿಸಿದ್ದ ದೂರಿನ ಮೇಲೆ ತಾಹೇರಾಳ ಅಂಗಡಿಗೆ ಬೀಗ ಬಿತ್ತು. ಔಷಧ ಅಸಲಿ ಎಂಬ ಸರ್ಕಾರಿ ವರದಿ ಹನ್ನೊಂದು ತಿಂಗಳ ಮೇಲೆ ಬಂತು. ಬೀಗದ ಕೀಲಿ ಹುಡುಕಲು ಇನ್ನೂ ಒಂದು ತಿಂಗಳು. ತಪ್ಪೊಪ್ಪಿಕೊಂಡ ಏಕೈಕ ವ್ಯಕ್ತಿ ಯಮುನಾ. ಆದ್ದರಿಂದ ಕೆಲಸ ಕಳೆದುಕೊಂಡವಳೂ ಅವಳೊಬ್ಬಳೇ. ಬೈಲಪ್ಪನಿಗೆ ಆಸ್ಪತ್ರೆಯ ಕಸದ ಅಧಿಕೃತ ಗುತ್ತಿಗೆ ಸಿಕ್ಕಿತು. ಕಂಬಿಯ ಗುತ್ತಿಗೆದಾರ ಈಗ ನಗರದ ಗಣ್ಯರಲ್ಲೊಬ್ಬ.

ಈ ಇಡೀ ಪ್ರಕರಣದಲ್ಲಿ ಮಾಡಿದ ತಪ್ಪಿಗೆ ತಕ್ಕ ಶಿಕ್ಷೆ ಅನುಭವಿಸಿದ್ದು ಆ ಬ್ಯಾಕ್ಟೀರಿಯಾ ಮಾತ್ರ.

ಪಾಪ... ಅದಕ್ಕೆ ಎಲ್ಲೂ ವಶೀಲಿ ಇರಲಿಲ್ಲ!